ಆಯುಧಪೂಜೆಗೆ ಮುನ್ನ ಎಂಜಿನ್ ಜಿಡ್ಡು ತೆಗೆಯುವುದು: ಜೀಪಿಗೊಂದು ಬಗೆ, ಕಾರಿಗೊಂದು ಬಗೆ

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದು ಕಾಫಿ ತೋಟ. ತೋಟದ ಓಡಾಟಕ್ಕೆ ಹಳೆಯ ಮಹೀಂದ್ರ ಡಿಐ ಡೀಸೆಲ್ ಜೀಪು, ಮನೆಗೆ 2012ರ ವ್ಯಾಗನ್ ಆರ್ ಪೆಟ್ರೋಲ್ ಕಾರು ಇದೆ. ಜೀಪಿನ ಎಂಜಿನ್ ಮೇಲೆ ಆಯಿಲ್ಲೂ ಕೆಮ್ಮಣ್ಣೂ ಸೇರಿ ಬೆರಳು ದಪ್ಪ ಪದರ ಕಟ್ಟಿದೆ. ಹೋದ ವರ್ಷ ಆಯುಧಪೂಜೆಗೆ ಮುಂಚೆ ಕಾರಿನ ಎಂಜಿನ್ನಿಗೆ ಪ್ರೆಶರ್ ನೀರು ಹೊಡೆಸಿದ್ದೆವು, ಆಮೇಲೆ ಮೂರು ದಿನ ಕಾರು ನಡುಗುತ್ತಿತ್ತು. ಈ ಸಲ ಎರಡನ್ನೂ ಮನೆಯಲ್ಲೇ ತೊಳೆಯೋಣ ಅಂತಿದ್ದೇವೆ. ಪೆಟ್ರೋಲ್, ಸೀಮೆಎಣ್ಣೆ, ಕಾಸ್ಟಿಕ್ ಸೋಡಾ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಸರಿ? ಜೀಪಿನ ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲ್ಮುಚ್ಚಳ), ಆಯಿಲ್ ಚೇಂಬರ್ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ) ಬಿಚ್ಚಿ ತೊಳೆಯುವುದಾದರೆ ಹೇಗೆ ತೊಳೆಯಬೇಕು?

ಉತ್ತರ: ಮೊದಲು ನಡುಗಿದ ಕಾರಿನ ವಿಷಯ. ನಿಮ್ಮ ವ್ಯಾಗನ್ ಆರ್‌ಗೆ ಮೂರು ಸಿಲಿಂಡರ್. ಒಂದೊಂದು ಸ್ಪಾರ್ಕ್ ಪ್ಲಗ್ಗಿನ ನೆತ್ತಿಯ ಮೇಲೂ ಕಿಡಿಗೆ ವಿದ್ಯುತ್ ಕೊಡುವ ಒಂದೊಂದು ಇಗ್ನಿಷನ್ ಕಾಯಿಲ್ ಕೂತಿರುತ್ತದೆ, ಪ್ಲಗ್ ಇರುವುದು ಕೆಳಗೆ, ಸಣ್ಣ ಬಾವಿಯಂಥ ಗುಂಡಿಯಲ್ಲಿ. ಪ್ರೆಶರ್ ನೀರು ಕಾಯಿಲ್ಲಿನ ರಬ್ಬರನ್ನು ದಾಟಿ ಆ ಗುಂಡಿಗೆ ಇಳಿದರೆ ಹೊರಗೆ ಬರಲು ದಾರಿಯಿಲ್ಲ. ಪ್ಲಗ್ಗಿನ ತುದಿಯಲ್ಲಿ ಹಾರಬೇಕಾದ ಕಿಡಿ ನೀರಿನ ಮೂಲಕ ಪಕ್ಕದ ಲೋಹಕ್ಕೆ ಇಳಿದುಹೋಗುತ್ತದೆ. ಮೂರರಲ್ಲಿ ಒಂದು ಸಿಲಿಂಡರ್ ಕೆಲಸ ಬಿಟ್ಟರೆ ಎಂಜಿನ್ ನಡುಗಲೇಬೇಕು. ದಿನ ಕಳೆದಂತೆ ಎಂಜಿನ್ ಬಿಸಿಗೆ ನೀರು ಆವಿಯಾಯಿತು, ನಡುಕವೂ ನಿಂತಿತು. ಆದರೆ ಹಾಗೆ ನಡುಗುವ ಕಾರನ್ನು ಓಡಿಸುತ್ತಲೇ ಇರಬಾರದು. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ, ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ, ಅದು ಕೆಟ್ಟರೆ ಖರ್ಚು ದೊಡ್ಡದು. ಈ ಸಲ ತೊಳೆಯುವ ಮುಂಚೆ ಒಮ್ಮೆ ಕಾಯಿಲ್ ಬಿಚ್ಚಿ ಗುಂಡಿಗಳನ್ನು ನೋಡಿ. ಪ್ಲಗ್ಗಿನ ಆರುಮೂಲೆಯ ಭಾಗಕ್ಕೆ ತುಕ್ಕು ಹಿಡಿದಿದ್ದರೆ, ಕಾಯಿಲ್ಲಿನ ಸ್ಪ್ರಿಂಗ್ ಹಸಿರುಗಟ್ಟಿದ್ದರೆ ಹೋದ ವರ್ಷದ ನೀರಿನ ಗುರುತು ಅದೇ.

ಎಂಜಿನ್ ತೊಳೆಯುವಾಗ ಜಿಡ್ಡು ಬಿಡಿಸುವ ಕೆಲಸ ದ್ರಾವಣ, ಬ್ರಷ್ ಮತ್ತು ಸಮಯದ್ದು. ಸಡಿಲವಾದ ಜಿಡ್ಡನ್ನು ಕೆಳಗೆ ಇಳಿಸುವುದಷ್ಟೇ ನೀರಿನ ಕೆಲಸ. ಪ್ರೆಶರ್ ವಾಷರ್ ಬಳಸುವವರು ಈ ಎರಡೂ ಕೆಲಸವನ್ನು ನೀರಿಗೇ ಒಪ್ಪಿಸುತ್ತಾರೆ. ಮನೆಬಳಕೆಯ ಸಣ್ಣ ಯಂತ್ರವೂ 100 ಬಾರ್ ಆಸುಪಾಸು ಒತ್ತಡ ಕೊಡುತ್ತದೆ. ವೈರುಗಳನ್ನು ಜೋಡಿಸುವ ಕನೆಕ್ಟರುಗಳ ರಬ್ಬರ್ ಸೀಲುಗಳು ಮಳೆ, ಕೆಸರಿನ ಸಿಡಿತ ತಡೆಯಲು ಮಾಡಿದವು, ಈ ಒತ್ತಡಕ್ಕಲ್ಲ. ನಿಮ್ಮ ತೋಟದ ಗುಡ್ಡದ ಮೇಲಿನ ಟ್ಯಾಂಕಿನಿಂದ ಬರುವ ನೀರೇ ಸಾಕು. ಟ್ಯಾಂಕು 10 ಮೀಟರ್ ಎತ್ತರದಲ್ಲಿದ್ದರೆ ಪೈಪಿನ ತುದಿಯಲ್ಲಿ ಹೆಚ್ಚುಕಡಿಮೆ 1 ಬಾರ್ ಒತ್ತಡ ಸಿಗುತ್ತದೆ, 20 ಮೀಟರ್ ಇದ್ದರೆ 2 ಬಾರ್. ಎಂಜಿನ್ ತೊಳೆಯಲು ಅದಕ್ಕಿಂತ ಹೆಚ್ಚು ಬೇಡ.

ತೋಟದವರೆಲ್ಲರ ಕೈಯಲ್ಲೂ ಬೆನ್ನಿಗೆ ಹಾಕುವ ಸ್ಪ್ರೇಯರ್ ಇರುತ್ತದೆ, ಅದರಿಂದಲೇ ದ್ರಾವಣ ಹೊಡೆಯೋಣ ಎನಿಸಬಹುದು. ಗಿಡಗಳ ರೋಗಕ್ಕೆಂದು ಬೋರ್ಡೋ ದ್ರಾವಣ ಹೊಡೆದ ಸ್ಪ್ರೇಯರನ್ನು ಎಂಜಿನ್ ಹತ್ತಿರ ತರಲೇಬೇಡಿ. ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಪೈಪಿನಲ್ಲಿ ಉಳಿದ ಚೂರುಪಾರು ತಾಮ್ರ ಅಲ್ಯೂಮಿನಿಯಂ ಮೇಲೆ ಕೂತರೆ ತೇವದಲ್ಲಿ ಅಲ್ಲಿ ಗುಳಿ ಬೀಳುತ್ತಾ ಹೋಗುತ್ತದೆ. ರೇಡಿಯೇಟರ್, ಎಸಿ ಕಂಡೆನ್ಸರಿನ ತೆಳು ರೆಕ್ಕೆಗಳಿಗಂತೂ ಇದು ವಿಷ. 1 ಲೀಟರಿನ ಕೈ ಸ್ಪ್ರೇಯರ್ ಒಂದನ್ನು ಈ ಕೆಲಸಕ್ಕೆಂದೇ ಇಟ್ಟುಕೊಳ್ಳಿ.

ಯಾವುದರಲ್ಲಿ ತೊಳೆಯುವುದು

ಪೆಟ್ರೋಲ್ ಬೇಡ. ಇದರಲ್ಲಿ ಎರಡನೇ ಮಾತಿಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ಶೆಡ್ಡಿನ ನೆಲದಲ್ಲಿ, ಸರ್ವೀಸ್ ಗುಂಡಿಯಲ್ಲಿ ಕಣ್ಣಿಗೆ ಕಾಣದೆ ತುಂಬಿಕೊಳ್ಳುತ್ತದೆ. ಬ್ಯಾಟರಿ ಟರ್ಮಿನಲ್ಲಿನ ಒಂದು ಕಿಡಿ, ಪಕ್ಕದ ಬಚ್ಚಲೊಲೆಯ ಒಂದು ಕೆಂಡ ಸಾಕು.

ಸೀಮೆಎಣ್ಣೆಯ ಆವಿಗೆ ಬೆಂಕಿ ಹಿಡಿಯಬೇಕಾದರೆ ಅದು 35 ಡಿಗ್ರಿಗಿಂತ ಬಿಸಿಯಾಗಬೇಕು. ಮಡಿಕೇರಿ, ಸಿದ್ದಾಪುರದ ಹವೆಯಲ್ಲಿ, ತಣ್ಣಗಿರುವ ಎಂಜಿನ್ ಮೇಲೆ, ಬಯಲಲ್ಲಿ ನಿಂತು ಬಳಸಬಹುದು. ಬಿಸಿ ಎಂಜಿನ್ ಮೇಲೆ ಸೀಮೆಎಣ್ಣೆಯೂ ಪೆಟ್ರೋಲಿನಷ್ಟೇ ಅಪಾಯ. ಬ್ರಷ್ಷಿನಲ್ಲಿ ಹಚ್ಚಿ, ಸ್ಪ್ರೇ ಮಾಡಬೇಡಿ. ಮಂಜಿನಂತೆ ಹರಡಿದ ಸೀಮೆಎಣ್ಣೆ ತಣ್ಣಗಿದ್ದರೂ ಹತ್ತಿಕೊಳ್ಳುತ್ತದೆ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಆಗುತ್ತದೆ, ಆದರೆ ಅದು ಹಿಂದೆ ಜಿಡ್ಡಿನ ಪೊರೆ ಬಿಟ್ಟುಹೋಗುವುದರಿಂದ ಸೋಪಿನ ತೊಳೆತ ಒಂದು ಸುತ್ತು ಹೆಚ್ಚು ಬೇಕಾಗುತ್ತದೆ.

ಎರಡಕ್ಕೂ ಒಂದು ದೋಷವಿದೆ, ಅದನ್ನು ಯಾರೂ ಹೇಳುವುದಿಲ್ಲ. ಕೂಲೆಂಟ್ ಹೋಸುಗಳು ಮತ್ತು ಬ್ರೇಕಿನ ರಬ್ಬರುಗಳು ಇಪಿಡಿಎಂ ಎಂಬ ಕೃತಕ ರಬ್ಬರಿನ ಜಾತಿಯವು, ಎಂಜಿನ್ ಕೂತಿರುವ ಮೌಂಟಿಂಗುಗಳು ಬಹುಪಾಲು ನಮ್ಮ ಕರಾವಳಿ ತೋಟಗಳ ರಬ್ಬರಿನಂಥ ಸಹಜ ರಬ್ಬರ್. ಇವೆರಡಕ್ಕೂ ಪೆಟ್ರೋಲಿಯಂ ಎಣ್ಣೆ ಆಗಿಬರುವುದಿಲ್ಲ, ಊದಿಕೊಂಡು ಮೆತ್ತಗಾಗುತ್ತವೆ. ಸೀಮೆಎಣ್ಣೆ ತಾಗಿದ ಹೋಸು, ಮೌಂಟಿಂಗುಗಳನ್ನು ತಕ್ಷಣ ಸೋಪು ನೀರಿನಲ್ಲಿ ಒರೆಸಿ. ಟ್ಯಾಪೆಟ್ ಕವರಿನ ರಬ್ಬರ್ ಪ್ಯಾಕಿಂಗ್, ಆಯಿಲ್ ಸೀಲುಗಳು ಎಣ್ಣೆಯಲ್ಲೇ ಬದುಕುವ ಜಾತಿಯವು, ಅವುಗಳಿಗೆ ಭಯವಿಲ್ಲ.

ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಬರೀ ಕಪ್ಪಾಗಿಸುವುದಲ್ಲ, ಲೋಹವೇ ಕರಗಿ ಹೈಡ್ರೋಜನ್ ಅನಿಲ ಗುಳ್ಳೆಗುಳ್ಳೆಯಾಗಿ ಏಳುತ್ತದೆ. ನಿಮ್ಮ ಕಾರಿನ ಎಂಜಿನ್ ಬಹುತೇಕ ಅಲ್ಯೂಮಿನಿಯಂ. ಜೀಪಿನಲ್ಲೂ ಪಂಪುಗಳ ಮೈ, ಆಲ್ಟರ್ನೇಟರಿನ ಮೈ ಅಲ್ಯೂಮಿನಿಯಂ. ಜೋಡಿಸಿರುವ ಎಂಜಿನ್ ಮೇಲೆ ಕಾಸ್ಟಿಕ್ ಹಾಕುವ ಮಾತೇ ಬೇಡ. ಕಣ್ಣಿಗೆ ಒಂದು ಹನಿ ಸಿಡಿದರೂ ದೃಷ್ಟಿಗೆ ಕುತ್ತು.

ನನ್ನ ಆಯ್ಕೆ ಹೀಗಿದೆ. ಕಾರಿಗೆ ನೀರಿನಲ್ಲಿ ಬೆರೆಯುವ ಎಂಜಿನ್ ಡಿಗ್ರೀಸರ್ ಮಾತ್ರ. ಜೀಪಿಗೆ ದಪ್ಪ ಪದರ ಮೆತ್ತಗಾಗಿಸಲು ಸೀಮೆಎಣ್ಣೆ, ಆಮೇಲೆ ಅದೇ ಡಿಗ್ರೀಸರ್. ಡಬ್ಬಿಯ ಮೇಲೆ ಬರೆದ ಪ್ರಮಾಣವೇ ಮೊದಲ ಮಾತು. ಸಾಮಾನ್ಯವಾಗಿ ಗಟ್ಟಿ ಜಿಡ್ಡಿಗೆ 1 ಭಾಗಕ್ಕೆ 4 ಭಾಗ ನೀರು, ಹಗುರ ಜಿಡ್ಡಿಗೆ 1ಕ್ಕೆ 10 ಸರಿಹೋಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಕೂಡ ಹಗುರ ಜಿಡ್ಡು ತೆಗೆಯುತ್ತದೆ. ಆದರೆ ಅದನ್ನು ಮಂದವಾಗಿಸಲು ಸಾಮಾನ್ಯವಾಗಿ ಉಪ್ಪು ಬೆರೆಸಿರುತ್ತಾರೆ, ಚೆನ್ನಾಗಿ ತೊಳೆಯದೆ ಬಿಟ್ಟರೆ ಬೋಲ್ಟುಗಳಿಗೆ ತುಕ್ಕು ಬೇಗ ಬರುತ್ತದೆ.

ಜೀಪು

ಆಯುಧಪೂಜೆಗೆ ಎರಡು ದಿನ ಮುಂಚೆ, ಬಿಸಿಲು ಬರುವ ಬೆಳಿಗ್ಗೆ ಶುರುಮಾಡಿ. ಆ ಹೊತ್ತಿಗೆ ಕುಶಾಲನಗರದ ಕಡೆ ಬಿಸಿಲು ಸಿಗುವ ಸಾಧ್ಯತೆ ಹೆಚ್ಚು, ಭಾಗಮಂಡಲದ ಕಡೆಯವರು ಆಕಾಶ ನೋಡಿಕೊಂಡೇ ಕೈಹಾಕಬೇಕು. ಕಕ್ಕಡದ, ಅಂದರೆ ಜುಲೈ–ಆಗಸ್ಟಿನ, ಮಳೆಯಲ್ಲಿ ಎಂಜಿನ್ ತೊಳೆಯುವುದರಲ್ಲಿ ಅರ್ಥವಿಲ್ಲ. ಒಣಗದ ಕನೆಕ್ಟರಿನೊಳಗೆ ನೀರು ವಾರಗಟ್ಟಲೆ ಕೂರುತ್ತದೆ.

ಎಂಜಿನ್ ಪೂರ್ತಿ ತಣ್ಣಗಿರಲಿ, ರಾತ್ರಿಯಿಡೀ ನಿಂತ ಗಾಡಿಯಾದರೆ ಒಳ್ಳೆಯದು. ಡೀಸೆಲ್ ಇಂಜೆಕ್ಷನ್ ಪಂಪಿನ ಒಳಗೆ ಪ್ಲಂಜರಿಗೂ (ಮೇಲೆ ಕೆಳಗೆ ಆಡುವ ಕಡ್ಡಿ) ಬ್ಯಾರೆಲ್ಲಿಗೂ (ಅದು ಆಡುವ ಕೊಳವೆ) ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ಎಂಜಿನ್ ಬಿಸಿ ಇರುವಾಗ, ಅದರಲ್ಲೂ ಓಡುತ್ತಿರುವಾಗ, ಪಂಪಿನ ಮೇಲೆ ತಣ್ಣೀರು ಸುರಿದರೆ ಹೊರಮೈ ಕುಗ್ಗುತ್ತದೆ, ಒಳಗಿನ ಪ್ಲಂಜರ್ ಬಿಸಿಯಾಗಿಯೇ ಇರುತ್ತದೆ. ಪಂಪು ಕಚ್ಚಿಕೊಳ್ಳುವುದು ಆಗಲೇ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಕದ ಕಬ್ಬಿಣದ್ದು, ಕಾದಿರುವಾಗ ನೀರು ಬಿದ್ದರೆ ಬಿರುಕು ಬಿಡಬಹುದು.

ಬ್ಯಾಟರಿಯ ಮೈನಸ್ ಟರ್ಮಿನಲ್ ಮೊದಲು ತೆಗೆಯಿರಿ. ಪ್ಲಸ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಈಗ ಒಣ ಕೆಲಸ. ರೇಡಿಯೇಟರ್ ಹಿಂದೆ, ಬ್ಯಾಟರಿ ತಟ್ಟೆಯ ಕೆಳಗೆ, ವೈಪರಿನ ಬುಡದಲ್ಲಿ ಸಿಲ್ವರ್ ಓಕ್ ಎಲೆ, ಕಾಫಿ ಹೊಟ್ಟು ಬಂದು ಸೇರಿರುತ್ತದೆ. ಎಲ್ಲ ಕೈಯಿಂದ ತೆಗೆಯಿರಿ. ಇಲಿಗೂಡು ಸಿಕ್ಕರೆ ಬರಿಗೈ ಹಾಕಬೇಡಿ. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ, ಕೈಯಲ್ಲಿ ಕಾಫಿಗಿಡ ತರಚಿದ ಗಾಯವಿದ್ದರೆ ಅದೇ ದಾರಿ. ರಬ್ಬರ್ ಗ್ಲೌಸ್ ಹಾಕಿ, ಬ್ಲೀಚಿಂಗ್ ಪುಡಿ ಕದಡಿದ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟು ಗೂಡನ್ನು ತೆಗೆಯಿರಿ, ಅಲ್ಲಿನ ವೈರುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ ನೋಡಿ. ಕಡಿದ ವೈರು ನೀರು ಬೀಳುವ ಮುಂಚೆಯೇ ಸಿಕ್ಕಬೇಕು. ಆಮೇಲೆ ಸಿಕ್ಕಿದರೆ ತೊಳೆದದ್ದರಿಂದ ಕೆಟ್ಟಿತೋ ಇಲಿಯಿಂದ ಕೆಟ್ಟಿತೋ ಗೊತ್ತಾಗುವುದಿಲ್ಲ.

ಬೆರಳು ದಪ್ಪದ ಪದರವನ್ನು ಒದ್ದೆ ಮಾಡುವ ಮುಂಚೆ ಕೆರೆದು ಹಾಕಿ. ಮರದ ಚಕ್ಕೆ ಅಥವಾ ಹಳೆಯ ಪ್ಲಾಸ್ಟಿಕ್ ಸ್ಕೇಲು ಸಾಕು, ಸ್ಕ್ರೂಡ್ರೈವರ್ ಬಳಸಿದರೆ ಡೀಸೆಲ್ ಪೈಪಿಗೆ ಗೀರು ಬೀಳುತ್ತದೆ. ಅರ್ಧಕ್ಕರ್ಧ ಜಿಡ್ಡು ಇಲ್ಲೇ ಹೋಗುತ್ತದೆ, ನೆಲದ ಮೇಲೆ ಹರಡಿದ ಗೋಣಿಯ ಮೇಲೆ ಗಟ್ಟಿಯಾಗಿಯೇ ಬೀಳುತ್ತದೆ. ಕೆರೆಯುವಾಗ ಪದರ ಎಲ್ಲಿ ಹಸಿಯಾಗಿದೆ, ಎಲ್ಲಿ ಒಣಗಿ ಹೆಂಟೆಯಾಗಿದೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ತೊಳೆದ ಮೇಲೆ ಈ ಸಾಕ್ಷಿ ಉಳಿಯುವುದಿಲ್ಲ. ಹಸಿ ಇರುವ ಜಾಗದ ಮೇಲುಗಡೆಯಲ್ಲೇ ಸೋರಿಕೆ ಇರುತ್ತದೆ.

ಮುಚ್ಚಬೇಕಾದವು: ಆಲ್ಟರ್ನೇಟರ್, ಸೆಲ್ಫ್ ಮೋಟಾರ್, ಫ್ಯೂಸ್ ಬಾಕ್ಸ್, ಏರ್ ಕ್ಲೀನರಿನ ಬಾಯಿ, ಆಯಿಲ್ ತುಂಬುವ ಮುಚ್ಚಳ, ಡಿಪ್ ಸ್ಟಿಕ್ಕಿನ ಬಾಯಿ, ಬ್ರೇಕ್ ಆಯಿಲ್ ಡಬ್ಬಿ. ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಇವುಗಳಲ್ಲಿ ಏರ್ ಕ್ಲೀನರ್ ಬಾಯಿಯದೇ ಎಂಜಿನ್ನಿಗೆ ಪ್ರಾಣಾಂತಿಕ ಅಪಾಯ. ಸಿಲಿಂಡರಿನೊಳಗೆ ನೀರು ಸೇರಿ ಸೆಲ್ಫ್ ಹೊಡೆದರೆ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಎಂಜಿನ್ನಿನ ಕಂಪ್ರೆಶನ್ ಹೆಚ್ಚಾದ್ದರಿಂದ ಸ್ವಲ್ಪ ನೀರು ಹೋದರೂ ಇದು ನಡೆದುಬಿಡುತ್ತದೆ.

ಈಗ 1 ಲೀಟರ್ ಸೀಮೆಎಣ್ಣೆ, 2 ಇಂಚಿನ ಪೇಂಟ್ ಬ್ರಷ್. ಬ್ರಷ್ಷಿನ ಲೋಹದ ಪಟ್ಟಿಗೆ ಟೇಪು ಸುತ್ತಿ. ಕೆಳಗಿನಿಂದ ಮೇಲಕ್ಕೆ ಹಚ್ಚುತ್ತಾ ಹೋಗಿ. ಮೇಲಿನಿಂದ ಶುರು ಮಾಡಿದರೆ ಕರಗಿದ ಜಿಡ್ಡು ಕೆಳಗಿನ ಒಣ ಜಿಡ್ಡಿನ ಮೇಲೆ ಹರಿದು ಎಲ್ಲಿ ಹಚ್ಚಿದ್ದೇವೆ, ಎಲ್ಲಿ ಬಿಟ್ಟಿದ್ದೇವೆ ಎಂಬುದೇ ತಿಳಿಯದು. 15 ನಿಮಿಷ ಬಿಟ್ಟು ಮತ್ತೆ ಬ್ರಷ್ ಆಡಿಸಿ, ಬನಿಯನ್ ವೇಸ್ಟಿನಲ್ಲಿ ಒರೆಸಿ ತೆಗೆಯಿರಿ. ಒರೆಸುವ ಈ ಹೆಜ್ಜೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಒರೆಸಿದಷ್ಟೂ ನೀರಿಗೆ ಹೋಗುವ ಎಣ್ಣೆ ಕಡಿಮೆ.

ಇದಾದ ಮೇಲೆ 1ಕ್ಕೆ 4 ಬೆರೆಸಿದ ಡಿಗ್ರೀಸರ್ ಹೊಡೆದು 5 ನಿಮಿಷ ಬಿಡಿ. ಒಣಗಲು ಬಿಡಬಾರದು, ಒಣಗಿದರೆ ಅಲ್ಯೂಮಿನಿಯಂ ಮೇಲೆ ಬಿಳಿ ಕಲೆ ಉಳಿಯುತ್ತದೆ. ನೇರ ಬಿಸಿಲಿದ್ದರೆ ಅರ್ಧ ಎಂಜಿನ್ ಮುಗಿಸಿ ಆಮೇಲೆ ಇನ್ನರ್ಧ ಹಿಡಿಯಿರಿ. ಫ್ಯಾನ್ ಬೆಲ್ಟಿಗೆ ಡಿಗ್ರೀಸರ್ ತಾಗಿದರೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಬೆಲ್ಟು ಜಾರಿ ಕಿರುಚುತ್ತದೆ. ಕೊನೆಗೆ ಮೇಲಿನಿಂದ ಕೆಳಕ್ಕೆ, ಹೋಸಿನ ತುದಿಯನ್ನು ಬೆರಳಿಂದ ಒತ್ತದೆ, ಹರಿಯುವ ನೀರು ಬಿಡಿ. 30 ಲೀಟರ್ ಸಾಕಾಗುತ್ತದೆ. ಮೂಲೆಗಳಲ್ಲಿ ಜಿಡ್ಡು ಉಳಿದಿದ್ದರೆ ನೀರಿನ ಜೋರು ಏರಿಸಬೇಡಿ, ಆ ಮೂಲೆಗೆ ಮತ್ತೊಮ್ಮೆ ದ್ರಾವಣ ಹಚ್ಚಿ ಹಳೆಯ ಟೂತ್ ಬ್ರಷ್ ಆಡಿಸಿ. ಬೆರಳು ದಪ್ಪದ ಪದರಕ್ಕೆ ಎರಡು ಸುತ್ತು ಬೇಕೇ ಬೇಕು.

ಹೊಳೆ ದಾಟುವ ಜೀಪಿನ ರೇಡಿಯೇಟರ್ ರೆಕ್ಕೆಗಳ ನಡುವೆ ಕೆಸರು ಒಣಗಿ ಇಟ್ಟಿಗೆಯಾಗಿರುತ್ತದೆ. ನೀರನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಬಿಡಿ. ಕಸ ಬಂದ ದಾರಿಯಲ್ಲೇ ವಾಪಸು ಹೋಗಬೇಕು, ಮುಂದಿನಿಂದ ಹೊಡೆದರೆ ಇನ್ನೂ ಒಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಸೋಪು ನೀರು ಹಾಕಿ ಅರ್ಧ ಗಂಟೆ ನೆನೆಸಿದರೆ ಕೆಮ್ಮಣ್ಣು ತಾನಾಗಿ ಸಡಿಲವಾಗುತ್ತದೆ.

ಕಾರು

ವ್ಯಾಗನ್ ಆರ್‌ಗೆ ಇಷ್ಟು ನೀರೇ ಬೇಡ. ಎಂಜಿನ್ ಮುಟ್ಟಲು ಬರುವಷ್ಟು ಉಗುರುಬೆಚ್ಚಗಿರಲಿ. ಬ್ಯಾಟರಿ ಮೈನಸ್ ತೆಗೆದು, ಕಾಯಿಲ್‌ಗಳಿರುವ ಇಡೀ ಜಾಗವನ್ನು ಪ್ಲಾಸ್ಟಿಕ್ ಹಾಳೆ ಹಾಕಿ ಟೇಪಿನಿಂದ ಮುಚ್ಚಿ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್), ಏರ್ ಫಿಲ್ಟರ್ ಬಾಯಿಗೂ ಹಾಗೇ. ದ್ರಾವಣವನ್ನು ಎಂಜಿನ್ ಮೇಲೆ ಹೊಡೆಯುವ ಬದಲು ಬ್ರಷ್ಷಿಗೂ ಬಟ್ಟೆಗೂ ಹೊಡೆದುಕೊಂಡು ಉಜ್ಜಿ. 1ಕ್ಕೆ 10 ಬೆರೆಸಿದ ಅರ್ಧ ಲೀಟರ್ ದ್ರಾವಣ ಇಡೀ ಕಾರಿಗೆ ಸಾಕು. ತೊಳೆಯಲು ಕೈ ಸ್ಪ್ರೇಯರಿನಲ್ಲಿ ಬರೀ ನೀರು, ಒಟ್ಟು 5 ಲೀಟರ್ ದಾಟದಂತೆ. ಮುಚ್ಚಿದ ಭಾಗಗಳನ್ನು ಕೊನೆಗೆ ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಮನೆಯಲ್ಲಿ ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರು ಇದ್ದರೆ, ಕಿತ್ತಳೆ ಬಣ್ಣದ ಕೇಬಲ್ ಇರುವ ಕಡೆ ಒದ್ದೆ ಬಟ್ಟೆಗಿಂತ ಮುಂದೆ ಹೋಗಬೇಡಿ.

ವೈಪರ್ ಬುಡದ ಜಾಲರಿಯ ಎರಡು ತುದಿಗಳಲ್ಲಿ ನೀರು ಇಳಿಯುವ ರಂಧ್ರಗಳಿರುತ್ತವೆ. ಎಲೆ ಕೊಳೆತು ಅವು ಮುಚ್ಚಿದರೆ ಮಳೆಗಾಲದಲ್ಲಿ ನೀರು ಕಾರಿನೊಳಗೆ, ಮ್ಯಾಟಿನ ಕೆಳಗೆ ಬರುತ್ತದೆ. ಕೊಡಗಿನಲ್ಲಿ ಕಾರಿನೊಳಗೆ ಬೂಷ್ಟು ವಾಸನೆ ಬರಲು ಅನೇಕ ಸಲ ಇದೇ ಕಾರಣ. ಎಂಜಿನ್ ತೊಳೆಯುವ ದಿನವೇ ಇದನ್ನೂ ನೋಡಿಬಿಡಿ.

ಎಂಜಿನ್ನಿಗೆ ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆಯಿರುವ ಥ್ರಾಟಲ್ ಬಾಡಿಯಲ್ಲಿ ಕಪ್ಪು ಕಟ್ಟಿದ್ದರೆ ಥ್ರಾಟಲ್ ಕ್ಲೀನರನ್ನು ಬಟ್ಟೆಗೆ ಹೊಡೆದು ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಗಾಡಿಗಳಲ್ಲಿ ಆ ತಟ್ಟೆಯನ್ನು ಬೆರಳಿಂದ ಬಲವಂತವಾಗಿ ತಳ್ಳಿದರೆ ಒಳಗಿನ ಪ್ಲಾಸ್ಟಿಕ್ ಗೇರು ಮುರಿಯಬಹುದು. ಪೇಪರ್ ಏರ್ ಫಿಲ್ಟರನ್ನು ಯಾವ ದ್ರವದಲ್ಲೂ ತೊಳೆಯುವಂತಿಲ್ಲ. ಹಳೆಯ ಜೀಪುಗಳ ಆಯಿಲ್ ಬಾತ್ ಏರ್ ಕ್ಲೀನರ್ ಇದ್ದರೆ ಮಾತ್ರ ಅದರ ಜಾಲರಿಯನ್ನು ಸೀಮೆಎಣ್ಣೆಯಲ್ಲಿ ಜಾಲಿಸಿ, ಪೂರ್ತಿ ಒಣಗಿಸಿ, ತಟ್ಟೆಗೆ ಗುರುತಿನವರೆಗೆ ಹೊಸ ಎಂಜಿನ್ ಆಯಿಲ್ ಹಾಕಬೇಕು. ಗುರುತು ದಾಟಿ ಹಾಕಿದರೆ ಎಂಜಿನ್ ಆ ಆಯಿಲ್ಲನ್ನೇ ಎಳೆದುಕೊಳ್ಳುತ್ತದೆ.

ಒಣಗಿಸುವುದು

ಕೊಡಗಿನ ತೇವದ ಹವೆಯಲ್ಲಿ ತೊಳೆಯುವುದಕ್ಕಿಂತ ಒಣಗಿಸುವುದಕ್ಕೇ ಹೆಚ್ಚು ಹೊತ್ತು ಬೇಕು. ಕಂಪ್ರೆಸರ್ ಇದ್ದರೆ 2–3 ಬಾರ್ ಗಾಳಿಯಲ್ಲಿ ಕನೆಕ್ಟರುಗಳು, ಬೋಲ್ಟಿನ ಗುಂಡಿಗಳು, ಪ್ಲಗ್ ಬಾವಿಗಳನ್ನು ಊದಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಕಂಪ್ರೆಸರ್ ಇಲ್ಲದಿದ್ದರೆ ಬಟ್ಟೆಯಲ್ಲಿ ಒರೆಸಿ ಬಾನೆಟ್ ತೆರೆದು ಎರಡು ಮೂರು ಗಂಟೆ ಬಿಸಿಲಿಗೆ ಬಿಡಿ. ಆಮೇಲೆ ಬ್ಯಾಟರಿ ಹಾಕಿ, ಎಂಜಿನ್ ಶುರುಮಾಡಿ 15 ನಿಮಿಷ ಐಡಲ್‌ನಲ್ಲಿ ಬಿಡಿ. ಜೀಪಿನಲ್ಲಿ ಮೊದಲ ಐದಾರು ನಿಮಿಷ ಸೀಮೆಎಣ್ಣೆ ವಾಸನೆಯೂ ತೆಳು ಹೊಗೆಯೂ ಬರುತ್ತದೆ. ಮ್ಯಾನಿಫೋಲ್ಡ್ ಸುತ್ತ ಸೀಮೆಎಣ್ಣೆ ಹಸಿಯಾಗಿ ಉಳಿದಿಲ್ಲವೆಂದು ನೋಡಿಕೊಂಡೇ ಶುರುಮಾಡಬೇಕು, ಒಬ್ಬರು ಪಕ್ಕದಲ್ಲಿ ನಿಂತಿರಲಿ.

ಶುರುವಾಗದಿದ್ದರೆ ಸೆಲ್ಫನ್ನು ಒಂದೇ ಸಮನೆ ಹಿಡಿಯಬೇಡಿ. 10 ಸೆಕೆಂಡ್ ಹೊಡೆದು ಅರ್ಧ ನಿಮಿಷ ಬಿಡಿ. ಸೆಲ್ಫ್ ತಿರುಗದೆ ಟಕ್ ಎಂದು ನಿಂತರೆ ಸಿಲಿಂಡರಿಗೆ ನೀರು ಹೋಗಿರಬಹುದು. ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ. ಕಾರು ಶುರುವಾಗಿ ನಡುಗಿದರೆ ಕಾಯಿಲ್ ಬಿಚ್ಚಿ ಬಾವಿಗಳನ್ನು ಒಣಗಿಸಿ. ಹೋದ ವರ್ಷದಂತೆ ಮೂರು ದಿನ ಕಾಯಬೇಕಾಗಿಲ್ಲ, ಅರ್ಧ ಗಂಟೆಯ ಕೆಲಸ.

ಸೋರಿಕೆ ಎಲ್ಲಿದೆ

ಜೀಪಿನ ಪದರ ಬೆರಳು ದಪ್ಪವಾಗಿದೆ ಎಂದರೆ ಆಯಿಲ್ ಎಲ್ಲಿಂದಲೋ ಬರುತ್ತಿದೆ. ಅದನ್ನು ಹುಡುಕದೆ ಬಿಟ್ಟರೆ ಮುಂದಿನ ದಸರಾಕ್ಕೆ ಮತ್ತೆ ಇಷ್ಟೇ ಪದರ. ತೊಳೆದು ಒಣಗಿದ ಎಂಜಿನ್ ಮೇಲೆ ಅನುಮಾನವಿರುವ ಕಡೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಉದುರಿಸಿ, 20 ಕಿಲೋಮೀಟರ್ ಓಡಿಸಿ ಬನ್ನಿ. ಬಿಳಿ ಪುಡಿಯ ಮೇಲೆ ಆಯಿಲ್ಲಿನ ಗೆರೆ ಎಲ್ಲಿಂದ ಇಳಿದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಫ್ಯಾನಿನ ಗಾಳಿ ಆಯಿಲ್ಲನ್ನು ಹಿಂದಕ್ಕೆ ತಳ್ಳುತ್ತದೆ, ಹಾಗಾಗಿ ಕಾಣುವ ಹನಿಗಿಂತ ಮೇಲೆ ಮತ್ತು ಮುಂದೆ ಹುಡುಕಬೇಕು. ಹಿಂದಿನ ಸೀಲ್ ಹೋಗಿದೆ ಎಂದು ಗೇರ್‌ಬಾಕ್ಸ್ ಇಳಿಸಿದ ಮೇಲೆ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಸೋರುತ್ತಿತ್ತೆಂದು ತಿಳಿಯುವುದು ಗ್ಯಾರೇಜುಗಳಲ್ಲಿ ಹೊಸದಲ್ಲ.

ಮೊದಲು ನೋಡಬೇಕಾದವು ಅಗ್ಗದವು: ಟ್ಯಾಪೆಟ್ ಕವರ್ ಪ್ಯಾಕಿಂಗ್, ಆಯಿಲ್ ಪ್ರೆಶರ್ ಸ್ವಿಚ್, ಆಯಿಲ್ ಫಿಲ್ಟರಿನ ರಬ್ಬರ್, ಡ್ರೈನ್ ಬೋಲ್ಟಿನ ವಾಷರ್. ಬ್ರೇಕಿನ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರ್ ಹಿಂದೆ ಕೂತಿರುವ ಡೀಸೆಲ್ ಗಾಡಿಗಳಲ್ಲಿ ಅದರ ಆಯಿಲ್ ಪೈಪುಗಳೂ ಸೋರುತ್ತವೆ. ಒಂದೇ ಹೊತ್ತಿಗೆ ಮೂರು ನಾಲ್ಕು ಕಡೆ ಸೋರುತ್ತಿದ್ದರೆ ಸೀಲುಗಳನ್ನು ಬದಲಿಸುವ ಮುಂಚೆ, ಎಂಜಿನ್ನಿನೊಳಗಿನ ಗಾಳಿ ಹೊರಹೋಗುವ ಬ್ರೀದರ್ ಪೈಪ್ ನೋಡಿ. ಅದು ಕಟ್ಟಿಕೊಂಡರೆ ಎಂಜಿನ್ನಿನೊಳಗಿನ ಒತ್ತಡ ಸೀಲುಗಳ ಸಂದಿನಿಂದ ಆಯಿಲ್ಲನ್ನು ಹೊರಕ್ಕೆ ದಬ್ಬುತ್ತದೆ. ಸೀಮೆಎಣ್ಣೆಯಲ್ಲಿ ಪೈಪ್ ತೊಳೆದರೆ ಕೆಲವೊಮ್ಮೆ ಸೋರಿಕೆ ಅಷ್ಟಕ್ಕೇ ನಿಲ್ಲುತ್ತದೆ.

ಹನಿ ಯಾವುದರದ್ದು ಎಂಬುದನ್ನು ಬೆರಳೇ ಹೇಳುತ್ತದೆ. ಕಪ್ಪಾಗಿ ಜಾರುವುದು ಎಂಜಿನ್ ಆಯಿಲ್. ಮಂದವಾಗಿ ಗಂಧಕದ ಘಾಟು ಬರುವುದು ಗೇರ್ ಆಯಿಲ್. ತೆಳ್ಳಗಿದ್ದು ವಾಸನೆಯಿಂದಲೇ ಗೊತ್ತಾಗುವುದು ಡೀಸೆಲ್. ಬಣ್ಣದ ನೀರಿನಂತಿದ್ದು ಸಿಹಿ ವಾಸನೆಯಿರುವುದು ಕೂಲೆಂಟ್, ಅದನ್ನು ನಾಲಿಗೆಗೆ ತಾಗಿಸಬೇಡಿ, ವಿಷ. ಹನಿ ಬಿದ್ದ ಕಡೆ ಪೇಂಟ್ ಎದ್ದಿದ್ದರೆ ಬ್ರೇಕ್ ಆಯಿಲ್, ಅದು ಕಂಡ ದಿನವೇ ರಿಪೇರಿ ಆಗಬೇಕು.

ಬಿಚ್ಚಿದ ಭಾಗಗಳು

ಟ್ಯಾಪೆಟ್ ಕವರ್, ಚೇಂಬರ್ ಬಿಚ್ಚಿದ ಮೇಲೆ ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಕಬ್ಬಿಣ, ಅಂಟದಿದ್ದರೆ ಅಲ್ಯೂಮಿನಿಯಂ ಎಂದುಕೊಳ್ಳಿ. ಕಬ್ಬಿಣದ್ದಾದರೆ ಸೀಮೆಎಣ್ಣೆಯಲ್ಲಿ ನೆನೆಸಿ ತೆಗೆದ ಮೇಲೆ, ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಅದರಲ್ಲಿ ಅದ್ದಿ ಬ್ರಷ್ ಮಾಡಿದರೆ ಉಳಿದ ಕಂದು ಪೊರೆಯೂ ಬಿಡುತ್ತದೆ. ಅಲ್ಯೂಮಿನಿಯಮ್ಮಿಗೆ ಸೋಡಾ ಬೇಡ, ಕಪ್ಪಾಗುತ್ತದೆ. ಸೀಮೆಎಣ್ಣೆ, ಆಮೇಲೆ ಡಿಗ್ರೀಸರ್, ಅಷ್ಟೇ.

ಹಳೆಯ ಪ್ಯಾಕಿಂಗ್ ಅಂಟಿದ್ದರೆ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ನಿಧಾನವಾಗಿ ತೆಗೆಯಿರಿ. ಅಲ್ಯೂಮಿನಿಯಂ ಮೇಲೆ ವೈರ್ ಬ್ರಷ್ ಆಡಿಸಿದರೆ ಗೀರು ಬಿದ್ದು ಹೊಸ ಪ್ಯಾಕಿಂಗೂ ಸೋರುತ್ತದೆ. ಎಂಜಿನ್ ಬ್ಲಾಕಿನ ಮುಖಕ್ಕೆ ಎಮರಿ ಪೇಪರ್ ಅಥವಾ ಡ್ರಿಲ್ಲಿಗೆ ಹಾಕುವ ಉಜ್ಜುವ ಡಿಸ್ಕ್ ಬಳಸಲೇಬೇಡಿ. ಅದರಿಂದ ಉದುರುವ ಹರಳಿನ ಪುಡಿ ಆಯಿಲ್ ಜೊತೆ ಹರಿದು ಬೇರಿಂಗುಗಳನ್ನು ತಿನ್ನುತ್ತದೆ. ಎಂಜಿನ್ ಚೆನ್ನಾಗಿ ಜೋಡಿಸಿದ್ದರೂ ಕೆಲವೇ ದಿನದಲ್ಲಿ ಸದ್ದು ಬರುವುದು ಹೀಗೆ.

ಚೇಂಬರಿನ ತಳದ ಕೆಸರನ್ನು ಎಸೆಯುವ ಮುಂಚೆ ಬಿಳಿ ಬಟ್ಟೆಯ ಮೇಲೆ ಹರಡಿ ಬಿಸಿಲಲ್ಲಿ ನೋಡಿ. ತಾಮ್ರದ ಬಣ್ಣದ ಮಿನುಗು ಕಂಡರೆ ಬೇರಿಂಗ್ ಸವೆದಿದೆ. ಬೆಳ್ಳಿಯಂತೆ ಹೊಳೆದು ಅಯಸ್ಕಾಂತಕ್ಕೆ ಅಂಟದ ಚೂರುಗಳು ಪಿಸ್ಟನ್ನಿನವೂ ಇರಬಹುದು, ಬೇರಿಂಗಿನವೂ ಇರಬಹುದು. ಅಂಟುವ ಚೂರು ಕಬ್ಬಿಣ. ಹೀಗೆ ಚೂರು ಕಂಡರೆ ತೊಳೆದು ಮುಚ್ಚಿಬಿಡುವ ಕೆಲಸವಲ್ಲ, ಮೆಕ್ಯಾನಿಕ್ ನೋಡಬೇಕು. ಆಯಿಲ್ ಹಾಲುಕಾಫಿಯಂತಾಗಿದ್ದರೆ ನೀರು ಸೇರಿದೆ. ಆದರೆ ಆಯಿಲ್ ಮುಚ್ಚಳದ ಒಳಮೈಯಲ್ಲಿ ಮಾತ್ರ ಬೆಣ್ಣೆಯಂಥದ್ದು ಇದ್ದರೆ ಹೆದರಬೇಕಿಲ್ಲ. ಮಳೆಗಾಲದಲ್ಲಿ ತೋಟದೊಳಗೇ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಯಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗಿನ ತೇವ ಅಲ್ಲಿ ಬಂದು ಕೂರುತ್ತದೆ. ಒರೆಸಿ, ವಾರಕ್ಕೊಮ್ಮೆ ಮಡಿಕೇರಿಯವರೆಗೆ ಓಡಿಸಿ ಬಂದರೆ ಹೋಗುತ್ತದೆ.

ಆಯಿಲ್ ಪಂಪಿನ ಬಾಯಲ್ಲಿರುವ ಸ್ಟ್ರೈನರ್ ಜಾಲರಿಯನ್ನು ಮರೆಯಬೇಡಿ. ಆಲ್ಟರ್ನೇಟರ್, ವಾಟರ್ ಪಂಪ್, ಬೆಲ್ಟ್ ಟೆನ್ಷನರಿನಂಥ ಸೀಲ್ ಆದ ಬೇರಿಂಗ್ ಇರುವ ಯಾವ ಭಾಗವನ್ನೂ ಸೀಮೆಎಣ್ಣೆಯಲ್ಲಿ ಮುಳುಗಿಸುವಂತಿಲ್ಲ. ಒಳಗಿನ ಗ್ರೀಸ್ ಕರಗಿ ಹೋದರೆ ಮತ್ತೆ ತುಂಬಲು ಬರುವುದಿಲ್ಲ. ತೊಳೆದ ಕಬ್ಬಿಣದ ಭಾಗವನ್ನು ಒಣಗಿದ ಕೂಡಲೇ ಆಯಿಲ್ ಬಟ್ಟೆಯಿಂದ ಒರೆಸಿ. ಪ್ಯಾಕಿಂಗ್ ಕೂರುವ ಮುಖವನ್ನು ಜೋಡಿಸುವ ಮುಂಚೆ ಮತ್ತೆ ಜಿಡ್ಡಿಲ್ಲದಂತೆ ಒರೆಸಬೇಕು. ನಮ್ಮ ಹವೆಯಲ್ಲಿ ಬರಿಯ ಕಬ್ಬಿಣ ಬೆಳಗಾಗುವುದರೊಳಗೆ ಕೆಂಪಾಗಿರುತ್ತದೆ.

ತಗಡಿನ ಚೇಂಬರಿನ ಬೋಲ್ಟ್ ತೂತುಗಳ ಸುತ್ತ ಲೋಹ ಮೇಲೆದ್ದಿರುತ್ತದೆ, ಹಿಂದೆ ಯಾರೋ ಅತಿಯಾಗಿ ಬಿಗಿದದ್ದರ ಫಲ. ಮರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಹಗುರವಾಗಿ ತಟ್ಟಿ ಸಮ ಮಾಡಿ. 10 ನಂಬರ್ ಸ್ಪ್ಯಾನರ್ ಹಿಡಿಯುವ 6 ಎಂಎಂ ಬೋಲ್ಟುಗಳಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿತ ಸಾಕು, ಚಿಕ್ಕ ಸ್ಪ್ಯಾನರನ್ನು ಮಣಿಕಟ್ಟಿನ ಬಲದಲ್ಲಿ ತಿರುಗಿಸಿದಷ್ಟು. ನಡುವಿನಿಂದ ಶುರುಮಾಡಿ ಎದುರುಬದುರಾಗಿ ತುದಿಗಳ ಕಡೆಗೆ, ಎರಡು ಸುತ್ತಿನಲ್ಲಿ ಬಿಗಿಯಿರಿ. ಸಿಲಿಕಾನ್ ಗಮ್ ಹಚ್ಚುವುದಾದರೆ ಕಡ್ಡಿಯಷ್ಟು ತೆಳು ಗೆರೆ ಮಾತ್ರ. ಒಳಕ್ಕೆ ಉಬ್ಬಿ ಕಳಚಿದ ಗಮ್ಮು ಸ್ಟ್ರೈನರಿಗೆ ಹೋಗಿ ಕೂರುತ್ತದೆ.

ಚೇಂಬರ್ ತೆಗೆಯದೆ ಒಳಗನ್ನು ಶುಚಿ ಮಾಡಲು ಆಯಿಲ್ ಜೊತೆ ಡೀಸೆಲ್ ಹಾಕಿ ಎಂಜಿನ್ ಓಡಿಸುವ ರೂಢಿ ಇದೆ. ಹಳೆಯ ಎಂಜಿನ್ನಿಗೆ ಇದನ್ನು ಮಾಡಬೇಡಿ. ಡೀಸೆಲ್ ಬೆರೆತ ಆಯಿಲ್ ತೆಳ್ಳಗಾಗಿ ಬೇರಿಂಗುಗಳ ನಡುವೆ ನಿಲ್ಲುವುದಿಲ್ಲ, ವರ್ಷಗಟ್ಟಲೆ ಕೂತ ಕೆಸರು ಒಂದೇ ಸಲ ಎದ್ದು ಸ್ಟ್ರೈನರಿಗೆ ಕಟ್ಟಿಕೊಳ್ಳುತ್ತದೆ. ಅದರ ಬದಲು ಕಂಪನಿ ಹೇಳಿದ ಅವಧಿಯ ಅರ್ಧಕ್ಕೇ ಎರಡು ಸಲ ಆಯಿಲ್ಲೂ ಫಿಲ್ಟರೂ ಬದಲಿಸಿ. ಹೊಸ ಆಯಿಲ್ಲಿನಲ್ಲಿರುವ ಡಿಟರ್ಜೆಂಟ್ ನಿಧಾನವಾಗಿ ಅದೇ ಕೆಲಸ ಮಾಡುತ್ತದೆ.

ತೊಳೆದ ನೀರು ಎಲ್ಲಿಗೆ

ಹೊಳೆ ಬದಿಗೆ ಜೀಪು ನಿಲ್ಲಿಸಿ ತೊಳೆಯುವುದು ಇನ್ನಾದರೂ ನಿಲ್ಲಬೇಕು. ಸಿದ್ದಾಪುರದ ತೊರೆಗಳು ಸೇರುವುದು ಕಾವೇರಿಯನ್ನು, ಅದರ ನೀರು ಕುಡಿಯುವವರು ಕೆಳಗಿದ್ದಾರೆ. ಹಳೆಯ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲೇ ಇದೆ. ಗಾಡಿಯನ್ನು ಹೊಳೆ, ಬಾವಿಯಿಂದ ದೂರ, ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ. ನೀರು ಇಳಿಯುವ ಕಡೆ ಕಾಫಿ ಹೊಟ್ಟು ಅಥವಾ ಮರದ ಪುಡಿ ತುಂಬಿದ ಗೋಣಿಗಳನ್ನು ಅಡ್ಡ ಇಟ್ಟರೆ ಎಣ್ಣೆಯ ಬಹುಭಾಗವನ್ನು ಅವು ಹೀರುತ್ತವೆ. ಆ ಹೊಟ್ಟನ್ನು ಗೊಬ್ಬರದ ಗುಂಡಿಗೆ ಹಾಕಬಾರದು. ಬೇಲಿಗೂಟಕ್ಕೆ ಗೆದ್ದಲು ಹಿಡಿಯದಿರಲೆಂದು ಹಳೆಯ ಆಯಿಲ್ ಬಳಿಯುವುದೂ ಬೇಡ, ಮೊದಲ ಮಳೆಗೇ ಅದು ಮಣ್ಣಿಗೆ ಇಳಿಯುತ್ತದೆ. ಚೇಂಬರಿನ ಆಯಿಲ್, ಕೊಳೆಯಾದ ಸೀಮೆಎಣ್ಣೆ, ಕೆರೆದ ಜಿಡ್ಡು ಎಲ್ಲವನ್ನೂ ಬೇರೆಬೇರೆ ಡಬ್ಬಿಗೆ ಹಾಕಿ, ಹಳೆಯ ಆಯಿಲ್ ಸಂಗ್ರಹಿಸಿ ಪರವಾನಗಿ ಇರುವವರಿಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ. ಜಿಡ್ಡು ಹೀರಿದ ಬನಿಯನ್ ವೇಸ್ಟನ್ನು ಶೆಡ್ಡಿನ ಮೂಲೆಯಲ್ಲಿ ರಾಶಿ ಹಾಕದೆ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಡಿ.

ಎರಡು ದಿನ ಮುಂಚೆ ತೊಳೆಯಿರಿ ಎಂದದ್ದು ಒಣಗಲಿಕ್ಕೆ ಮಾತ್ರವಲ್ಲ. ಪೂಜೆಯ ದಿನ ಬಾನೆಟ್ ತೆರೆದು ಎಂಜಿನ್ನಿಗೂ ಕರ್ಪೂರದಾರತಿ ಎತ್ತುವವರಿದ್ದಾರೆ. ಸಂದುಗೊಂದುಗಳಲ್ಲಿ ಸೀಮೆಎಣ್ಣೆ ಉಳಿದಿರುವ ಎಂಜಿನ್ ಹತ್ತಿರ ಬೆಂಕಿ ತರುವಂತಿಲ್ಲ. ಆರತಿ ಬಾನೆಟ್ ಮುಚ್ಚಿ, ಮುಂದಿನಿಂದಲೇ ಆಗಲಿ. ಕುಂಕುಮ, ಗಂಧವನ್ನು ಟ್ಯಾಪೆಟ್ ಕವರಿಗೆ ಹಚ್ಚಬಹುದು, ಬೆಲ್ಟು ಮತ್ತು ಕನೆಕ್ಟರುಗಳಿಗೆ ತಾಗದಿರಲಿ. ರೇಡಿಯೇಟರ್ ಮುಂದೆ ಕಟ್ಟಿದ ಚೆಂಡುಹೂವಿನ ಹಾರವನ್ನು ಮೆರವಣಿಗೆ ಮುಗಿದ ಕೂಡಲೇ ಬಿಚ್ಚಿ. ಬಿಡಿ ದಳಗಳು ರೆಕ್ಕೆಗಳಿಗೆ ಅಂಟಿಕೊಂಡರೆ ಘಾಟಿ ಹತ್ತುವಾಗ ಎಂಜಿನ್ ಬಿಸಿಯೇರುತ್ತದೆ.